ಕಾಡಿನಿಂದ ಎಷ್ಟು ತರಬಹುದು?
ಒಂದು ಆಟದ ನಿಯಮ ಮತ್ತು ನ್ಯಾಯದ ಪ್ರಶ್ನೆ

'ಅದೇನು ಮಕ್ಕಳಾಟವೇ?' ಎಂದು ನಾವು ಕೇಳುವುದುಂಟು. ಗಂಭೀರವಲ್ಲದ ಸಂಗತಿಗೆ ನಮ್ಮ ಭಾಷೆಯಲ್ಲಿರುವ ಹೆಸರೇ ಮಕ್ಕಳಾಟ. ಆದರೆ ಯಾವುದು ನನ್ನದು, ಯಾವುದು ನಿನ್ನದು, ಎಷ್ಟು ತೆಗೆದುಕೊಂಡರೆ ಸರಿ, ಮೋಸ ಮಾಡಿದವನನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ಮನುಷ್ಯ ಮೊದಲ ಬಾರಿಗೆ ಎದುರಿಸುವುದು ಆಟದಲ್ಲೇ. ತುಳುನಾಡಿನ ಮಕ್ಕಳು ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಗುಳಿಗಳಿಂದ ಕಾಯಿಗಳನ್ನು ಬಾಚಿಕೊಳ್ಳುವಾಗ, ಪೇಟೆಯ ಮಕ್ಕಳು 'ವ್ಯಾಪಾರಿ' ಆಟದಲ್ಲಿ ಊರುಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುವಾಗ, ಅವರ ಅರಿವಿಗೆ ಬಾರದಂತೆಯೇ ಒಂದು ಅರ್ಥಶಾಸ್ತ್ರವನ್ನೂ ಒಂದು ನೀತಿಶಾಸ್ತ್ರವನ್ನೂ ಕಲಿಯುತ್ತಿರುತ್ತಾರೆ.

'ವ್ಯಾಪಾರಿ'ಯ ಮೂಲ ಅಮೆರಿಕದ 'ಮೊನಾಪಲಿ'. ಅದರ ಹಿಂದಿನ ಕಥೆ ಸ್ವಾರಸ್ಯಕರವಾಗಿದೆ. ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟಕ್ಕೆ ಪೇಟೆಂಟ್ ಪಡೆದರು. ಭೂಮಿ ಕೆಲವರ ಕೈಗೆ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಮುಂದೆ ಆ ಆಟಕ್ಕೆ ಅವರು ಎರಡು ಬಗೆಯ ನಿಯಮಗಳನ್ನು ಕೊಟ್ಟರು. ಒಂದರಲ್ಲಿ ಒಬ್ಬ ಎಲ್ಲವನ್ನೂ ಬಾಚಿಕೊಂಡು ಗೆಲ್ಲುತ್ತಾನೆ. ಇನ್ನೊಂದರಲ್ಲಿ ಸಂಪತ್ತು ಹೆಚ್ಚಿದಂತೆ ಎಲ್ಲರಿಗೂ ಪಾಲು ಸಿಗುತ್ತದೆ. 1935ರಿಂದ ಪಾರ್ಕರ್ ಬ್ರದರ್ಸ್ ಕಂಪೆನಿ ಮಾರುಕಟ್ಟೆಗೆ ತಂದ ಮೊನಾಪಲಿಯಲ್ಲಿ ಉಳಿದದ್ದು ಮೊದಲನೆಯ ನಿಯಮ ಮಾತ್ರ. ಅದೇ ಹಲಗೆ, ಅದೇ ದಾಳ. ಆದರೆ ನಿಯಮ ಬದಲಾದರೆ ಮನುಷ್ಯರೂ ಬದಲಾದಂತೆ ಕಾಣುತ್ತಾರೆ. ಮನುಷ್ಯ ಸ್ವಭಾವತಃ ದುರಾಸೆಯವನು ಎಂದು ತೀರ್ಪು ಕೊಡುವ ಮುನ್ನ ಅವನನ್ನು ಯಾವ ನಿಯಮದಡಿ ಆಡಿಸುತ್ತಿದ್ದೇವೆ ಎಂದು ನೋಡುವುದು ಒಳ್ಳೆಯದು.

ಬರಿದಾಗದ ಕಾಡು

ಇತ್ತೀಚಿನ ದಶಕಗಳಲ್ಲಿ ಜಗತ್ತಿನಾದ್ಯಂತ ಜನಪ್ರಿಯವಾದ ಇನ್ನೊಂದು ಆಟ 'ಕಟಾನ್'. ಜರ್ಮನಿಯ ಕ್ಲಾಸ್ ಟೊಯ್ಬರ್ ರೂಪಿಸಿದ ಈ ಆಟ 1995ರಲ್ಲಿ ಹೊರಬಂತು. ನಿರ್ಜನ ದ್ವೀಪವೊಂದಕ್ಕೆ ಬಂದಿಳಿದ ಮೂರು ಅಥವಾ ನಾಲ್ಕು ಮಂದಿ ಅಲ್ಲಿ ನೆಲೆ ಊರುವುದು ಇದರ ಕಥೆ. ಕಾಡಿನಿಂದ ಮರ, ಗುಡ್ಡದಿಂದ ಇಟ್ಟಿಗೆ, ಹುಲ್ಲುಗಾವಲಿನಿಂದ ಉಣ್ಣೆ, ಗದ್ದೆಯಿಂದ ಧಾನ್ಯ, ಬೆಟ್ಟದಿಂದ ಅದಿರು ದೊರೆಯುತ್ತದೆ. ಇವುಗಳಿಂದ ದಾರಿ, ಮನೆ, ಪಟ್ಟಣ ಕಟ್ಟಬೇಕು. ಮೊದಲು ಹತ್ತು ಅಂಕ ಗಳಿಸಿದವನು ಗೆದ್ದ.

ಈ ಆಟದಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ಬೇಕಾದುದೆಲ್ಲವೂ ಒಬ್ಬನಿಗೇ ದೊರೆಯುವುದು ಅಪರೂಪ. ಆದ್ದರಿಂದ ಎದುರಾಳಿಯ ಜೊತೆಗೇ ವಿನಿಮಯ ಮಾಡಿಕೊಳ್ಳಬೇಕು. ದಾಳದಲ್ಲಿ ಏಳು ಬಿದ್ದಾಗ ಕೈಯಲ್ಲಿ ಏಳಕ್ಕಿಂತ ಹೆಚ್ಚು ಚೀಟಿ ಕೂಡಿಟ್ಟವನು ಅರ್ಧ ಬಿಟ್ಟುಕೊಡಬೇಕು. ಕೂಡಿಡುವವನಿಗೆ ಇದು ಎಚ್ಚರಿಕೆ. ಆದರೆ ನಾವು ಗಮನಿಸದೇ ಹೋಗುವ ಸಂಗತಿಯೊಂದಿದೆ. ಕಟಾನ್ ದ್ವೀಪದ ಕಾಡು ಎಂದೂ ಬರಿದಾಗುವುದಿಲ್ಲ. ನೂರು ಸಲ ಮರ ಕಡಿದರೂ ನೂರ ಒಂದನೆಯ ಸಲ ಮರ ಇದ್ದೇ ಇರುತ್ತದೆ. ಅಲ್ಲಿ ಜಗಳ ಮನುಷ್ಯರ ನಡುವೆ ಮಾತ್ರ, ಭೂಮಿಗೆ ಯಾವ ತಕರಾರೂ ಇಲ್ಲ. ಈ ಕೊರತೆ ಕಟಾನ್ ಬಳಗದವರ ಗಮನಕ್ಕೂ ಬಂದಂತಿದೆ. 2011ರಲ್ಲಿ ತೈಲದ ಬಳಕೆ ಮತ್ತು ಅದರ ದುಷ್ಪರಿಣಾಮಗಳನ್ನು ಒಳಗೊಂಡ ಒಂದು ಆವೃತ್ತಿ ಬಂತು. 2023ರಲ್ಲಿ ಟೊಯ್ಬರ್ ತೀರಿಕೊಂಡ ಮರುವರ್ಷ, ಅವರು ಮಗನ ಜೊತೆ ಸೇರಿ ರೂಪಿಸಿದ್ದ, ಇಂಧನ ಮತ್ತು ಮಾಲಿನ್ಯದ ಕುರಿತ ಕಟಾನ್ ಹೊರಬಂತು.

ಈಗ ನಾವೇ ಒಂದು ಆಟ ರೂಪಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅದು ಸ್ಪರ್ಧೆಯ ಆಟವಲ್ಲ, ನಾಲ್ಕು ಮನೆತನಗಳು ಒಂದೆಡೆ ನೆಲೆಸಿ ಜೊತೆಯಾಗಿ ಊರು ಕಟ್ಟುವ ಸಹಕಾರದ ಆಟ. ಅವರ ಮಧ್ಯೆ ಒಂದು ಕಾಡಿದೆ. ಅದರಿಂದ ಯಾರು, ಎಷ್ಟು, ಯಾವಾಗ ತರಬಹುದು? ಈ ಒಂದು ನಿಯಮವನ್ನು ಬರೆಯಲು ಕುಳಿತರೆ ಸಾಕು, ನ್ಯಾಯದ ಬಹುತೇಕ ಹಳೆಯ ಪ್ರಶ್ನೆಗಳೆಲ್ಲ ಎದುರು ಬಂದು ಕೂರುತ್ತವೆ.

ನಲವತ್ತು ಮರಗಳ ಲೆಕ್ಕ

ಕಾಡಿನಲ್ಲಿ 40 ಮರಗಳಿವೆ. ಪ್ರತಿ ಋತುವಿನ ಕೊನೆಯಲ್ಲಿ ಉಳಿದ ಪ್ರತಿ ನಾಲ್ಕು ಮರಗಳಿಗೆ ಒಂದು ಹೊಸ ಮರ ಬೆಳೆಯುತ್ತದೆ, ಆದರೆ ಒಟ್ಟು 40ನ್ನು ಮೀರುವುದಿಲ್ಲ. ನಾಲ್ಕು ಮನೆಯವರೂ ಎರಡೆರಡು ಮರ ಕಡಿದರೆ 32 ಉಳಿಯುತ್ತವೆ, 8 ಹೊಸದಾಗಿ ಬೆಳೆಯುತ್ತವೆ, ಮತ್ತೆ 40. ಹೀಗೆ ಎಷ್ಟು ಕಾಲವಾದರೂ ನಡೆಯಬಹುದು.

ಎಲ್ಲರೂ ಮೂರು ಮೂರು ಕಡಿದರೆ? ಮೊದಲ ಋತುವಿನ ಕೊನೆಗೆ 35, ಎರಡನೆಯದಕ್ಕೆ 28, ಮೂರನೆಯದಕ್ಕೆ 20, ನಾಲ್ಕನೆಯದಕ್ಕೆ 10. ಐದನೆಯ ಋತುವಿನಲ್ಲಿ ಹನ್ನೆರಡು ಬೇಕು, ಇರುವುದು ಹತ್ತು. ಅದನ್ನೂ ಕಡಿದರೆ ಕಾಡಿನ ಕಥೆ ಮುಗಿಯಿತು.

ಇನ್ನೊಂದು ಸಾಧ್ಯತೆ ಇದೆ. ಮೂವರು ಎರಡೆರಡೇ ಕಡಿಯುತ್ತಾರೆ, ಒಬ್ಬ ಮಾತ್ರ ಮೂರು ಕಡಿಯುತ್ತಾನೆ. ಆಗ 31 ಉಳಿದು 7 ಬೆಳೆದು ಕಾಡು 38ಕ್ಕೆ ಇಳಿಯುತ್ತದೆ. ನಷ್ಟ ಎರಡೇ ಮರ. ಅದನ್ನು ನಾಲ್ವರಿಗೂ ಹಂಚಿದರೆ ತಲೆಗೆ ಅರ್ಧ ಮರ. ಹೆಚ್ಚು ಕಡಿದವನಿಗೆ ಒಂದು ಮರ ಲಾಭ, ಅರ್ಧ ಮರ ನಷ್ಟ. ಉಳಿದ ಮೂವರಿಗೆ ಬರೀ ನಷ್ಟ. ಆದರೆ 40ರ ಕಾಡು 38 ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಕದ ಬಹಳಷ್ಟು ಅನ್ಯಾಯಗಳ ಸ್ವರೂಪ ಇದೇ ಅಲ್ಲವೇ? ಲಾಭ ಒಬ್ಬನ ಮನೆಯಲ್ಲಿ ಒಟ್ಟಾಗಿ ಕಾಣುತ್ತದೆ, ನಷ್ಟ ಎಲ್ಲರ ಮನೆಗಳಲ್ಲಿ ಚೂರುಚೂರಾಗಿ ಹಂಚಿಹೋಗಿ ಕಾಣದಾಗುತ್ತದೆ.

ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದ ಸಾರವೂ ಇದೇ. ಎಲ್ಲರಿಗೂ ತೆರೆದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡಲು ಬಯಸುತ್ತಾನೆ, ಕೊನೆಗೆ ಗೋಮಾಳವೇ ಹಾಳಾಗುತ್ತದೆ ಎಂದು ಅವರು ವಾದಿಸಿದರು. ಹಾಗಾದರೆ ಉಳಿಯುವ ದಾರಿ ಎರಡೇ, ಒಂದೋ ಖಾಸಗಿ ಒಡೆತನ ಅಥವಾ ಸರಕಾರದ ಹಿಡಿತ ಎಂದು ಅನೇಕರು ತೀರ್ಮಾನಿಸಿದರು. 'ಬೆಳವಣಿಗೆಯ ಮಿತಿಗಳು' ಎಂಬ 1972ರ ಗ್ರಂಥದ ಲೇಖಕರಲ್ಲಿ ಒಬ್ಬರಾದ ಡೆನ್ನಿಸ್ ಮೆಡೋಸ್ ರೂಪಿಸಿದ 'ಫಿಶ್ ಬ್ಯಾಂಕ್ಸ್' ಎಂಬ ಮೀನುಗಾರಿಕೆಯ ಆಟದಲ್ಲೂ ಆಟಗಾರರು ಸಾಮಾನ್ಯವಾಗಿ ದೋಣಿಗಳನ್ನು ಹೆಚ್ಚಿಸುತ್ತಾ ಹೋಗಿ ಕಡಲನ್ನು ಬರಿದು ಮಾಡುತ್ತಾರೆ.

ಆದರೆ ಹಾರ್ಡಿನ್ ಅವರ ಗೋಮಾಳದಲ್ಲಿ ಒಂದು ಕೊರತೆಯಿದೆ. ಅಲ್ಲಿನ ದನಗಾಹಿಗಳು ಒಬ್ಬರೊಡನೊಬ್ಬರು ಮಾತನಾಡುವುದೇ ಇಲ್ಲ. ಅಂತಹ ಹಳ್ಳಿ ಎಲ್ಲಿದೆ?

ಮೂರು ನಿಯಮಗಳು

ಹಾರ್ಡಿನ್ ಅವರಿಗೆ ಗಟ್ಟಿಯಾದ ಉತ್ತರ ಕೊಟ್ಟವರು ಎಲಿನಾರ್ ಓಸ್ಟ್ರಮ್. ಜಗತ್ತಿನ ಹಲವೆಡೆ ಜನರು ತಾವೇ ನಿಯಮ ಮಾಡಿಕೊಂಡು ಕಾಡು, ನೀರು, ಹುಲ್ಲುಗಾವಲುಗಳನ್ನು ಶತಮಾನಗಳ ಕಾಲ ಉಳಿಸಿಕೊಂಡಿದ್ದಾರೆ ಎಂದು ಅವರು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆ ವಿಷಯದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು.

ಓಸ್ಟ್ರಮ್ ಚರ್ಚಿಸುವ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿ ಟೋರ್ಬೆಲ್ ಒಂದು. ಅಲ್ಲಿ 1517ರಿಂದಲೇ ಒಂದು ನಿಯಮವಿದೆ. ಚಳಿಗಾಲದಲ್ಲಿ ತನ್ನ ಸ್ವಂತ ಮೇವಿನಿಂದ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಹೊರಗಿನಿಂದ ದನ ಕೊಂಡು ತಂದು ಊರ ಹುಲ್ಲಿನಲ್ಲಿ ಕೊಬ್ಬಿಸಿ ಮಾರುವ ಹಾಗಿಲ್ಲ. ಕಟ್ಟಿಗೆಗೂ ಒಂದು ಕ್ರಮವಿದೆ. ಕಡಿಯಬಹುದಾದ ಮರಗಳಿಗೆ ಗುರುತು ಹಾಕಲಾಗುತ್ತದೆ, ಎಲ್ಲ ಮನೆಯವರು ಸೇರಿ ಕಡಿದು ಸಮನಾದ ರಾಶಿಗಳನ್ನು ಮಾಡುತ್ತಾರೆ, ಆಮೇಲೆ ಚೀಟಿ ಎತ್ತುತ್ತಾರೆ. ತನ್ನ ಪಾಲಿಗೆ ಯಾವ ರಾಶಿ ಬರುತ್ತದೆಂದು ಗೊತ್ತಿಲ್ಲದವನು ಎಲ್ಲ ರಾಶಿಗಳನ್ನೂ ಸಮವಾಗಿಯೇ ಮಾಡುತ್ತಾನೆ.

ಟೋರ್ಬೆಲ್‌ನ ನಿಯಮ ಹುಲ್ಲನ್ನು ಉಳಿಸುತ್ತದೆ, ಸಂದೇಹವಿಲ್ಲ. ಆದರೆ ಅದು ಎಲ್ಲರಿಗೂ ಸಮಾನವೇ? ಹೆಚ್ಚು ಜಮೀನು ಇದ್ದವನಿಗೆ ಹೆಚ್ಚು ಮೇವು, ಹೆಚ್ಚು ಮೇವು ಇದ್ದವನಿಗೆ ಹೆಚ್ಚು ಹಸು, ಹೆಚ್ಚು ಹಸು ಇದ್ದವನಿಗೆ ಊರ ಹುಲ್ಲಿನಲ್ಲೂ ಹೆಚ್ಚು ಪಾಲು. ಕಾಡಿಗೆ ನ್ಯಾಯ ದೊರೆತ ಮಾತ್ರಕ್ಕೆ ಬಡವನಿಗೂ ದೊರೆಯಿತೆಂದು ಹೇಳಲಾಗದು.

ಇದಕ್ಕೆ ತೀರಾ ಭಿನ್ನವಾದ ಇನ್ನೊಂದು ನಿಯಮ ಅರೇಬಿಯಾದ ಚರಿತ್ರೆಯಲ್ಲಿದೆ. ಮರುಭೂಮಿಯ ನಾಡಿನಲ್ಲಿ ಹುಲ್ಲುಗಾವಲುಗಳನ್ನು ಕಾಯ್ದಿರಿಸುವ 'ಹಿಮಾ' ಎಂಬ ಪದ್ಧತಿ ಇಸ್ಲಾಮಿಗಿಂತ ಮೊದಲೇ ಇತ್ತು. ಆಗ ಅದು ಬಲಾಢ್ಯ ನಾಯಕರು ಒಳ್ಳೆಯ ಹುಲ್ಲನ್ನು ತಮಗಾಗಿ ಮೀಸಲಿಡುವ ಉಪಾಯವಾಗಿತ್ತು. ಪ್ರವಾದಿ(ಸ) ಅದನ್ನು ಖಾಸಗಿ ಹಕ್ಕಿನಿಂದ ಬಿಡಿಸಿ ಸಾರ್ವಜನಿಕ ಹಿತಕ್ಕೆ ಒಳಪಡಿಸಿದರು. ಖಲೀಫ ಉಮರ್(ರ) ಅವರು ಹಿಮಾದ ಮೇಲ್ವಿಚಾರಕನಿಗೆ ಕೊಟ್ಟ ಸೂಚನೆಯೊಂದು ಸಹೀಹುಲ್ ಬುಖಾರಿಯಲ್ಲಿ ದಾಖಲಾಗಿದೆ. ಅದರ ಆಶಯ ಹೀಗಿದೆ: ಕೆಲವೇ ಒಂಟೆ, ಕೆಲವೇ ಕುರಿ ಇರುವವನನ್ನು ಒಳಗೆ ಬಿಡಬೇಕು. ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ ಹಿಂಡುಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಅವರ ಜಾನುವಾರು ಸತ್ತರೂ ಅವರಿಗೆ ಖರ್ಜೂರದ ತೋಟಗಳೂ ಹೊಲಗಳೂ ಇವೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಆಡಳಿತದ ಬಾಗಿಲಿಗೆ ಬರಬೇಕಾಗುತ್ತದೆ. ಅವನಿಗೆ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ನೀರು ಹುಲ್ಲು ಕೊಡುವುದು ಸುಲಭ.

ಇಲ್ಲಿ ಹೆಸರಿಸಲಾದ ಇಬ್ಬರೂ ಸಾಮಾನ್ಯರಲ್ಲ. ಇಬ್ಬರೂ ಪ್ರವಾದಿ(ಸ)ಯವರ ಗೌರವಾನ್ವಿತ ಸಂಗಾತಿಗಳು. ಅವರಲ್ಲಿ ಇಬ್ನು ಅಫ್ಫಾನ್ ಮುಂದೆ ಸ್ವತಃ ಖಲೀಫರಾದ ಉಸ್ಮಾನ್(ರ). ಅವರು ದುರಾಸೆಯವರೆಂದು ಉಮರ್(ರ) ಹೇಳುತ್ತಿಲ್ಲ. ಉಳ್ಳವನು ಎಷ್ಟೇ ಸಜ್ಜನನಾದರೂ ಕೊರತೆಯ ಕಾಲದಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು ಎಂಬುದು ಆ ನಿಯಮದ ಅರ್ಥ. ಟೋರ್ಬೆಲ್ 'ನಿನ್ನ ಸಾಮರ್ಥ್ಯವೆಷ್ಟು?' ಎಂದು ಕೇಳಿದರೆ ಹಿಮಾದ ಈ ಸೂಚನೆ 'ಇದಿಲ್ಲದಿದ್ದರೆ ನಿನಗೇನಾಗುತ್ತದೆ?' ಎಂದು ಕೇಳುತ್ತದೆ.

ಮೂರನೆಯ ನಿಯಮ ನಮ್ಮ ಕರಾವಳಿಯದು. ರಂಪಣಿ ಬಲೆಯ ಕಾಲದಲ್ಲಿ ಬಂಗುಡೆ, ಬೂತಾಯಿಯ ಹಿಂಡು ದಡದ ಸಮೀಪ ಬಂದಾಗ ಹತ್ತಾರು ಮಂದಿ ಸೇರಿ ಉದ್ದನೆಯ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ದೋಣಿ ಬಲೆಗಳಿಗೆ ಪಾಲು ಇದ್ದಂತೆ ಬಲೆ ಎಳೆದ ಕೈಗೂ ಪಾಲಿತ್ತು. ಇಲ್ಲಿ ಹಕ್ಕಿನ ಆಧಾರ ದುಡಿಮೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರಬೇಕಿದ್ದ ಮೀನನ್ನು ಅವು ಆಳದಲ್ಲೇ ಸುತ್ತುವರಿದು ಹಿಡಿದವು. ರಂಪಣಿಯವರು ಪ್ರತಿಭಟಿಸಿದರೂ ಹಳೆಯ ಪದ್ಧತಿ ಉಳಿಯಲಿಲ್ಲ. ದಡದ ನಿಯಮ ದಡದಲ್ಲಿ ನಿಂತವರನ್ನು ಮಾತ್ರ ಕಟ್ಟಿಹಾಕಬಲ್ಲದು. ಕಡಲಿಗೆ ಹೊಸ ಯಂತ್ರ ಇಳಿದಾಗ ಹೊಸ ನಿಯಮ ಬೇಕಾಗುತ್ತದೆ. ಇಂದು ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ದೊಡ್ಡವನು ಕಾಯಲಿ, ಚಿಕ್ಕವನು ಹೋಗಲಿ ಎಂಬ ಈ ವ್ಯವಸ್ಥೆಗೂ ಉಮರ್(ರ) ಅವರ ಸೂಚನೆಗೂ ಇರುವ ಹೋಲಿಕೆಯನ್ನು ಓದುಗರು ಗಮನಿಸಬಹುದು.

ಹಾಗಾದರೆ ನಮ್ಮ ಆಟಕ್ಕೆ ಯಾವ ನಿಯಮ? 'ಎಲ್ಲರಿಗೂ ಎರಡೆರಡು ಮರ' ಎಂಬುದು ಸರಳ, ಸ್ಪಷ್ಟ. ಆದರೆ ನೆರೆಯಲ್ಲಿ ಒಬ್ಬನ ಮನೆ ಕೊಚ್ಚಿಹೋದರೆ ಅವನಿಗೂ ಎರಡೇ ಮರ, ಮನೆಗೆ ಇನ್ನೊಂದು ಉಪ್ಪರಿಗೆ ಹಾಕುವವನಿಗೂ ಎರಡೇ ಮರ ಎಂದರೆ ಅದು ನ್ಯಾಯವೆನಿಸುವುದಿಲ್ಲ. ಹಾಗೆಂದು ಅಗತ್ಯವೊಂದನ್ನೇ ಅಳತೆಯಾಗಿ ಮಾಡಿದರೆ ಎಲ್ಲರೂ ತಮ್ಮ ಅಗತ್ಯವನ್ನು ದೊಡ್ಡದಾಗಿ ಹೇಳತೊಡಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೂರೂ ಪ್ರಶ್ನೆಗಳು ಒಂದು ಕ್ರಮದಲ್ಲಿ ಬರಬೇಕು. ಮೊದಲು, ಒಟ್ಟು ಎಷ್ಟು ತೆಗೆಯಬಹುದೆಂಬುದನ್ನು ಕಾಡು ತೀರ್ಮಾನಿಸಬೇಕು. ಅದರಲ್ಲಿ ಚೌಕಾಸಿ ಇಲ್ಲ. ಆ ಎಂಟು ಮರಗಳೊಳಗೆ ಮನೆಯಿಲ್ಲದವನ ಪಾಲು ಮೊದಲು ಹೋಗಬೇಕು. ಉಳಿದದ್ದನ್ನು ದುಡಿದವರು ಹಂಚಿಕೊಳ್ಳಬೇಕು. ಈ ಕ್ರಮ ತಪ್ಪಿದರೆ ಒಂದೋ ಕಾಡು ಹೋಗುತ್ತದೆ, ಇಲ್ಲವೇ ಬಡವನು ಹೋಗುತ್ತಾನೆ.

ಕಾಯುವವರು ಯಾರು?

ನಿಯಮ ಬರೆದರೆ ಸಾಲದು, ಅದನ್ನು ಕಾಯುವವರು ಬೇಕು. ನಮ್ಮ ಕೆರೆಗಳಲ್ಲಿ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯ. ಬಹಳಷ್ಟು ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ದಲಿತ ಸಮುದಾಯದವರು. ಎಲ್ಲರ ಗದ್ದೆಗೆ ನ್ಯಾಯವಾಗಿ ನೀರು ಹಂಚಿದವನನ್ನು ಅದೇ ಊರಿನ ಬಾವಿಯಿಂದ ದೂರ ನಿಲ್ಲಿಸಿದ ಸಮಾಜ ನಮ್ಮದು. ಹಳೆಯ ಸಾಮೂಹಿಕ ವ್ಯವಸ್ಥೆಗಳನ್ನು ಹೊಗಳುವಾಗ ಈ ಕಹಿಯನ್ನು ಮರೆಯಬಾರದು. ನೀರಿನ ಹಂಚಿಕೆಯಲ್ಲಿ ಸಮಾನತೆ ಇದ್ದ ಮಾತ್ರಕ್ಕೆ ಊರಿನಲ್ಲಿ ಸಮಾನತೆ ಇತ್ತೆಂದು ಅರ್ಥವಲ್ಲ.

ಶಿಕ್ಷೆಯ ವಿಷಯದಲ್ಲೂ ಒಂದು ಪಾಠವಿದೆ. ಓಸ್ಟ್ರಮ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಕೂರಿಸಿ ಹಣವಿಟ್ಟು ಇಂಥದೇ ಆಟಗಳನ್ನು ಆಡಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಯೋಚಿಸುವಂಥದ್ದು. ಮಾತಿಗೆ ಅವಕಾಶವಿಲ್ಲದಾಗ ಆಟಗಾರರು ಬಾಚಿಕೊಂಡರು. ದಂಡ ಹಾಕುವ ಅಧಿಕಾರವನ್ನಷ್ಟೇ ಕೊಟ್ಟಾಗ ಪರಸ್ಪರ ದಂಡ ಹಾಕುವುದರಲ್ಲೇ ಲಾಭವೆಲ್ಲ ಕರಗಿತು. ಬರೀ ಮಾತನಾಡಲು ಬಿಟ್ಟಾಗ, ಆ ಮಾತಿಗೆ ಯಾವ ಕಾನೂನಿನ ಬಲವಿಲ್ಲದಿದ್ದರೂ ಪರಿಸ್ಥಿತಿ ಬಹಳ ಸುಧಾರಿಸಿತು. ಮಾತನಾಡಿ, ದಂಡದ ನಿಯಮವನ್ನು ತಾವೇ ಆರಿಸಿಕೊಂಡ ಗುಂಪುಗಳ ಸಾಧನೆ ಎಲ್ಲಕ್ಕಿಂತ ಉತ್ತಮವಾಗಿತ್ತು. ಅವರು ದಂಡ ಹಾಕಬೇಕಾಗಿ ಬಂದದ್ದೂ ಕಡಿಮೆ.

ಮತ್ತೊಂದು ಅಧ್ಯಯನ 2008ರದು. ಜಗತ್ತಿನ 16 ನಗರಗಳಲ್ಲಿ ಇಂಥದೇ ಪ್ರಯೋಗ ನಡೆಸಿದಾಗ ಕೆಲವು ಕಡೆ ಕಡಿಮೆ ಕೊಟ್ಟವರನ್ನು ಮಾತ್ರವಲ್ಲ, ಹೆಚ್ಚು ಕೊಟ್ಟವರನ್ನೂ ಜನರು ದಂಡಿಸಿದರು. ಒಳ್ಳೆಯದು ಮಾಡುವವನು ತಮ್ಮ ಸಣ್ಣತನವನ್ನು ತೋರಿಸಿಕೊಡುತ್ತಾನೆ ಎಂಬ ಸಿಟ್ಟು ನಮಗೂ ಅಪರಿಚಿತವಲ್ಲ. ಶಿಕ್ಷೆಯ ಅಧಿಕಾರವೊಂದೇ ಸಮಾಜವನ್ನು ಕಟ್ಟಲಾರದು.

ಸಹಕಾರದ ಆಟಗಳಿಗೆ ಇನ್ನೊಂದು ಕಾಯಿಲೆಯೂ ಇದೆ. 2008ರಲ್ಲಿ ಬಂದ 'ಪ್ಯಾಂಡೆಮಿಕ್' ಎಂಬ ಆಟದಲ್ಲಿ ಎಲ್ಲರೂ ಸೇರಿ ರೋಗಗಳ ವಿರುದ್ಧ ಹೋರಾಡಬೇಕು. ಅನುಭವಿಯೊಬ್ಬ ಇದ್ದರೆ ಅವನೇ ಎಲ್ಲರಿಗೂ 'ನೀನು ಅಲ್ಲಿಗೆ ಹೋಗು, ನೀನು ಇದು ಮಾಡು' ಎಂದು ಹೇಳತೊಡಗುತ್ತಾನೆ. ಉಳಿದವರು ಅವನ ಕೈಗಳಾಗುತ್ತಾರೆ. ಆಟ ಗೆಲ್ಲುತ್ತಾರೆ, ಆದರೆ ಆಡಿದವನು ಒಬ್ಬನೇ. 'ಹನಾಬಿ' ಎಂಬ ಆಟ ಇದಕ್ಕೆ ಉಪಾಯ ಕಂಡುಕೊಂಡಿದೆ. ಅಲ್ಲಿ ನನ್ನ ಕೈಯ ಎಲೆಗಳು ಇತರರಿಗೆ ಕಾಣುತ್ತವೆ, ನನಗೆ ಕಾಣುವುದಿಲ್ಲ. ಒಬ್ಬನೇ ಎಲ್ಲವನ್ನೂ ತಿಳಿದವನಾಗಿರಲು ಸಾಧ್ಯವೇ ಇಲ್ಲ. ಸಂಘ, ಸಂಸ್ಥೆ, ಜಮಾಅತ್, ಕುಟುಂಬ ಎಲ್ಲಿಯೇ ಆಗಲಿ, ಸಹಕಾರದ ಹೆಸರಿನಲ್ಲಿ ಒಬ್ಬನ ಆಳ್ವಿಕೆ ನಡೆಯುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ತಪ್ಪು ಮಾಡಲು ಜಾಗವಿರಬೇಕೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. 'ಯಾರೂ ಎರಡಕ್ಕಿಂತ ಹೆಚ್ಚು ಮರ ಎತ್ತಲಾಗದು' ಎಂದು ಆಟದ ರಚನೆಯಲ್ಲೇ ಕಟ್ಟಿಹಾಕಿದರೆ ಸಮಸ್ಯೆ ಮುಗಿಯಿತಲ್ಲ? ಕಾಡು ಉಳಿಯಿತು, ಜಗಳವೂ ಇಲ್ಲ.

ಮುಗಿಯಿತು ನಿಜ. ಆದರೆ ಅಲ್ಲಿ ಒಳ್ಳೆಯವನು ಯಾರು? ಮೂರನೆಯ ಮರಕ್ಕೆ ಕೈ ಚಾಚಬಹುದಾಗಿದ್ದೂ ಚಾಚದವನಲ್ಲಿ ಸಂಯಮವಿದೆ. ಕೈ ಕಟ್ಟಿದವನಲ್ಲಿ ಸಂಯಮ ಎಲ್ಲಿಂದ ಬರಬೇಕು? ತನ್ನ ಎರಡರಲ್ಲಿ ಒಂದನ್ನು ಮನೆ ಕಳೆದುಕೊಂಡವನಿಗೆ ಕೊಡಬಹುದಾದ ಆಟದಲ್ಲಿ ಮಾತ್ರ ಔದಾರ್ಯಕ್ಕೆ ಅರ್ಥವಿದೆ. ಎಲ್ಲವನ್ನೂ ನಿಯಮವೇ ಮಾಡಿಬಿಟ್ಟರೆ ಮನುಷ್ಯನು ಮಾಡಲು ಏನೂ ಉಳಿಯುವುದಿಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಉಳ್ಳವರ ಸದ್ಗುಣಕ್ಕೆ ಜಾಗ ಬಿಡಬೇಕೆಂದು ಬಡವನ ಪಾಲನ್ನು ಅವರ ದಯೆಗೆ ಬಿಟ್ಟುಕೊಡಲಾಗುವುದೇ? ನನ್ನ ಔದಾರ್ಯದ ಅಭ್ಯಾಸಕ್ಕಾಗಿ ಇನ್ನೊಬ್ಬ ಹಸಿದಿರಬೇಕೇ? ಖಂಡಿತ ಇಲ್ಲ. ಆದ್ದರಿಂದಲೇ ಎರಡು ಗೆರೆಗಳು ಬೇಕು. ಕಾಡು ಸಾಯದಿರಲು ಮತ್ತು ಯಾವ ಮನೆಯೂ ಬೀಳದಿರಲು ಬೇಕಾದಷ್ಟನ್ನು ಕಟ್ಟುನಿಟ್ಟಾದ ನಿಯಮ ನೋಡಿಕೊಳ್ಳಲಿ. ಅದು ಹಕ್ಕು, ದಾನವಲ್ಲ. ಅದರ ಆಚೆಗೆ ಕೊಡುವ, ಬಿಡುವ, ತಪ್ಪುವ, ತಿದ್ದಿಕೊಳ್ಳುವ ಸ್ವಾತಂತ್ರ್ಯವಿರಲಿ. ಆದರೆ ತೆಗೆದುಕೊಂಡದ್ದು ಎಲ್ಲರಿಗೂ ಕಾಣುವಂತಿರಲಿ. 40ರ ಕಾಡು 38 ಆದದ್ದು ಯಾರಿಗೂ ತಿಳಿಯದಂತೆ ಇರುವುದೇ ದೊಡ್ಡ ಅಪಾಯ. ಪ್ರತಿ ಋತುವಿನ ಕೊನೆಯಲ್ಲಿ ಎಲ್ಲರೂ ಸೇರಿ ಮರ ಎಣಿಸಬೇಕೆಂಬ ಒಂದು ಸಣ್ಣ ನಿಯಮ ಹತ್ತು ದಂಡಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದು. ತಪ್ಪಿದವನಿಗೆ ಮೊದಲ ಸಲ ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು. ಉಳಿದುಬಂದ ಸಾಮೂಹಿಕ ವ್ಯವಸ್ಥೆಗಳಲ್ಲಿ ಓಸ್ಟ್ರಮ್ ಕಂಡದ್ದೂ ಇಂಥ ಹಂತಹಂತದ ಶಿಕ್ಷೆಯನ್ನೇ. ಮೊದಲ ತಪ್ಪಿಗೇ ಆಟದಿಂದ ಹೊರಹಾಕಿದರೆ ತಿದ್ದಿಕೊಳ್ಳುವ ಬಾಗಿಲೂ ಮುಚ್ಚುತ್ತದೆ.

ಆಟ ಮುಗಿಯುವುದು ಯಾವಾಗ?

ಕೊನೆಯದಾಗಿ ಒಂದು ಲೆಕ್ಕ ಬಾಕಿಯಿದೆ. ಮೂರು ಮೂರು ಮರ ಕಡಿದವರು ಐದು ಋತುಗಳಲ್ಲಿ ಒಟ್ಟು 58 ಮರ ಗಳಿಸಿದರು. ಎರಡೆರಡು ಕಡಿದವರಿಗೆ ಅಷ್ಟರಲ್ಲಿ ಸಿಕ್ಕಿದ್ದು 40 ಮಾತ್ರ. ಏಳನೆಯ ಋತುವಿನ ತನಕವೂ ದುರಾಸೆಯವರೇ ಮುಂದೆ. ಎಂಟನೆಯ ಋತುವಿನಲ್ಲಿ ಸಂಯಮದವರು 64 ತಲುಪಿ ಮುಂದೆ ಹೋಗುತ್ತಾರೆ. ಆಗಲೂ ಅವರ ಕಾಡಿನಲ್ಲಿ 40 ಮರಗಳಿರುತ್ತವೆ. ಹಾಗಾಗಿ ಆಟವು ಏಳನೆಯ ಋತುವಿಗೆ ಮುಗಿಯುತ್ತದೆಂದು ನಿಯಮದಲ್ಲಿ ಬರೆದರೆ, ಕಾಡು ಕಡಿಯುವುದೇ ಜಾಣತನ ಎಂದು ನಾವೇ ಕಲಿಸಿದಂತಾಗುತ್ತದೆ. ಅಲ್ಲಿ ದುರಾಸೆಯನ್ನು ಗೆಲ್ಲಿಸುವುದು ಆಟಗಾರನ ಸ್ವಭಾವಕ್ಕಿಂತ ಹೆಚ್ಚಾಗಿ ಆಟ ಮುಗಿಯುವ ದಿನಾಂಕ.

ನಾವು ದಿನನಿತ್ಯ ಆಡುವ ದೊಡ್ಡ ಆಟಗಳಿಗೂ ಇಂಥ ದಿನಾಂಕಗಳಿವೆ. ಗಣಿಯ ಗುತ್ತಿಗೆಗೆ ಅವಧಿ ಇದೆ, ಸರಕಾರಕ್ಕೆ ಐದು ವರ್ಷವಿದೆ, ಕಂಪೆನಿಗೆ ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕವಿದೆ. ಎಂಟನೆಯ ಋತುವಿನಲ್ಲಿ ಆಡಬೇಕಾದವರು ಇಂದು ಮೇಜಿನ ಸುತ್ತ ಕುಳಿತಿಲ್ಲ. ಅವರಿಗೆ ದಾಳವಿಲ್ಲ, ಮತವಿಲ್ಲ, ತಕರಾರು ಸಲ್ಲಿಸಲು ಬಾಯಿಯಿಲ್ಲ. ನಮ್ಮ ಆಟಕ್ಕೆ ಒಂದು ಕೊನೆಯ ನಿಯಮ ಸೇರಿಸಬೇಕಿದ್ದರೆ ನಾನು ಇದನ್ನು ಸೂಚಿಸುತ್ತೇನೆ. ಆಟ ಮುಗಿಯುವ ದಿನ ಯಾರಿಗೂ ಮೊದಲೇ ತಿಳಿದಿರಬಾರದು. ಮುಗಿದಾಗ ಅಂಕಗಳನ್ನು ಎಣಿಸುವುದು ಯಾರ ಮನೆ ಎಷ್ಟು ಎತ್ತರವಾಯಿತು ಎಂಬುದರ ಮೇಲಲ್ಲ. ಮುಂದೆ ಬಂದು ಕೂರುವ ನಾಲ್ವರಿಗೆ ಎಷ್ಟು ಮರಗಳನ್ನು ಉಳಿಸಿದ್ದೇವೆ, ನಾಲ್ಕು ಮನೆಗಳಲ್ಲಿ ಅತ್ಯಂತ ಬಡ ಮನೆ ಹೇಗಿದೆ ಎಂಬುದರ ಮೇಲೆ.

ಅಂತಹ ಆಟವನ್ನು ಮಕ್ಕಳು ಇಷ್ಟಪಡುವರೇ ಎಂದು ಕೆಲವರು ಕೇಳಬಹುದು. ಮಕ್ಕಳಿಗೆ ಅದು ಕಷ್ಟವಾಗಲಾರದು. 'ನಿನಗೆಷ್ಟು, ನನಗೆಷ್ಟು, ಅವನಿಗೇಕೆ ಇಲ್ಲ?' ಎಂಬುದು ಅವರು ಅಡುಗೆಮನೆಯಲ್ಲಿ ದಿನವೂ ಕೇಳುವ ಪ್ರಶ್ನೆಯೇ. ಆ ಪ್ರಶ್ನೆಯನ್ನು ಮರೆತು ದೊಡ್ಡವರಾದ ನಮಗೆ ಆ ಆಟ ಸ್ವಲ್ಪ ಕಷ್ಟವಾದೀತು.